ಒಬ್ಬ ಡಾಕ್ಟರು, ಮೂವತ್ತು ಸಾವಿರ ಜನ: ಒಂದು ಕ್ಯೂ ಲೆಕ್ಕ

"ಹಳ್ಳಿಗಳಲ್ಲಿ ಡಾಕ್ಟರಿಲ್ಲ" ಅಂತ ಯಾರಾದರೂ ಅಂದ್ರೆ ನಮ್ಮ ಬಾಯಿಗೆ ಮೊದಲು ಬರೋ ಉತ್ತರ "ಇನ್ನಷ್ಟು ಮೆಡಿಕಲ್ ಕಾಲೇಜು ತೆಗೀಬೇಕು" ಅನ್ನೋದು. ಆದರೆ ಕರ್ನಾಟಕದಲ್ಲಿ ಈಗಾಗಲೇ 60ಕ್ಕೂ ಹೆಚ್ಚು ಮೆಡಿಕಲ್ ಕಾಲೇಜುಗಳಿವೆ. ಬೆಳಗಾವಿ ನಗರದಲ್ಲೇ ಸರ್ಕಾರದ ಬಿಮ್ಸ್ ಇದೆ, 1963ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜೂ ಇದೆ. ಆದರೂ ಅದೇ ಜಿಲ್ಲೆಯ ಗಡಿ ಹಳ್ಳಿಗಳ ಎಷ್ಟೋ ಜನ ಕಾಯಿಲೆ ಬಿದ್ದರೆ ಕೊಲ್ಹಾಪುರ, ಮಿರಜ್, ಇಚಲಕರಂಜಿ ಬಸ್ಸು ಹತ್ತುತ್ತಾರೆ. ಹಾಗಾದ್ರೆ ಕೊರತೆ ಇರೋದು ಎಲ್ಲಿ? ನಮಗೆ ಗೊತ್ತಿರೋ ಲೆಕ್ಕದಿಂದಲೇ ಹುಡುಕೋಣ.

ಮೊದಲು ಜಾಗ ನೋಡೋಣ

ನಿಪ್ಪಾಣಿ ತಾಲ್ಲೂಕಿನ ಭೋಜ ನಮ್ಮ ಉದಾಹರಣೆ. ದೂಧಗಂಗಾ, ವೇದಗಂಗಾ ನದಿಗಳು ಕೂಡುವ ಕಡೆಯ ಊರು, ಮಹಾರಾಷ್ಟ್ರದ ಗಡಿ ಹತ್ತಿರ. ಮಳೆಗಾಲದಲ್ಲಿ ಪೇಪರ್ ಓದೋರಿಗೆ ಕಾರದಗಾ–ಭೋಜ, ಭೋಜವಾಡಿ–ಕುನ್ನೂರ ಸೇತುವೆಗಳ ಹೆಸರು ಗೊತ್ತಿರುತ್ತೆ. ನೀರು ಏರಿದಾಗ ಮುಳುಗೋ ಸೇತುವೆಗಳ ಪಟ್ಟಿಯಲ್ಲಿ ಅವು ಮೊದಲು ಬರ್ತವೆ. ಆಗ ಹತ್ತಿರದ ಊರಿಗೂ ಸುತ್ತು ಹಾಕಿ ಹೋಗಬೇಕು. ಬಾಣಂತಿಗೆ, ಹಾವು ಕಚ್ಚಿದವರಿಗೆ ಆ ಸುತ್ತು ಎಷ್ಟು ದುಬಾರಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜೊತೆಗೆ ನಿಪ್ಪಾಣಿ ಕಡೆ ತಂಬಾಕು, ಬೀಡಿ ಕೆಲಸ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬಿನ ಗದ್ದೆಗಳಿಗೆ ಸೀಸನ್ನಿನಲ್ಲಿ ಹೊರಗಿನಿಂದ ಬರೋ ಕಟಾವಿನ ಗ್ಯಾಂಗುಗಳು. ಅಂದ್ರೆ ರೋಗಿಗಳ ಸಂಖ್ಯೆ ವರ್ಷವಿಡೀ ಒಂದೇ ಥರ ಇರಲ್ಲ.

ವ್ಯವಸ್ಥೆಯ ನಕ್ಷೆ

1946ರಲ್ಲಿ ಭೋರ್ ಸಮಿತಿ ಕೊಟ್ಟ ವರದಿಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಬಂತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಕೇಂದ್ರಗಳು ಶುರುವಾದವು. ಬಯಲುಸೀಮೆಗೆ ಇವತ್ತಿನ ಮಾನದಂಡ ಹೀಗಿದೆ: 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪಿಎಚ್‌ಸಿ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಎಷ್ಟೋ ಪಿಎಚ್‌ಸಿಗಳಲ್ಲಿ ಎಂಬಿಬಿಎಸ್ ಓದಿದ ವೈದ್ಯರು ಇರೋದು ಒಬ್ಬರೇ.

ಈಗ ಲೆಕ್ಕ

ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಯಾವ ಕೇಂದ್ರದ ದಾಖಲೆಯೂ ಅಲ್ಲ. 30,000 ಜನರಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಒಂದೇ ಸಲ ಬರ್ತಾರೆ, ವರ್ಷಕ್ಕೆ 300 ದಿನ ಕೇಂದ್ರ ನಡೆಯುತ್ತೆ ಅಂತಿಟ್ಟುಕೊಳ್ಳಿ. ದಿನಕ್ಕೆ 100 ಜನ ಆಯ್ತು. ಹೊರರೋಗಿ ವಿಭಾಗ 6 ತಾಸು, ಅಂದರೆ 360 ನಿಮಿಷ. ಒಬ್ಬರಿಗೆ ಸರಾಸರಿ 3 ನಿಮಿಷ ಅಂದ್ರೂ 300 ನಿಮಿಷ ಕೆಲಸ. ಡಾಕ್ಟರ ಮೇಲಿನ ಭಾರ 300/360, ಅಂದರೆ 0.83.

"ಇನ್ನೂ 17 ಪರ್ಸೆಂಟ್ ಬಿಡುವಿದೆಯಲ್ಲ" ಅನ್ನಿಸಬಹುದು. ಕ್ಯೂಯಿಂಗ್ ಥಿಯರಿಯ ಎಂ/ಎಂ/1 ಸೂತ್ರ ನೆನಪು ಮಾಡಿಕೊಳ್ಳಿ:

ಕಾಯುವ ಸಮಯ = ಭಾರ ÷ (1 − ಭಾರ) × ಒಬ್ಬರನ್ನು ನೋಡುವ ಸಮಯ

100 ಜನ ಬಂದರೆ ಸರಾಸರಿ 15 ನಿಮಿಷ ಕಾಯಬೇಕು. 114 ಜನ ಬಂದರೆ ಭಾರ 0.95, ಕಾಯೋದು 57 ನಿಮಿಷ. 120 ಆಯ್ತೋ, ಭಾರ 1. ಆಗ ಸೂತ್ರದಲ್ಲಿ ಕ್ಯೂಗೆ ಕೊನೆಯೇ ಇಲ್ಲ. ನಿಜವಾದ ಆಸ್ಪತ್ರೆ ಸಂಜೆಗೆ ಬಾಗಿಲು ಹಾಕುತ್ತೆ, ಆದ್ದರಿಂದ ಅಲ್ಲಿ ಅನಂತ ಕ್ಯೂ ಕಾಣಲ್ಲ. ಅರ್ಧ ಜನ ಎದ್ದು ಮನೆಗೆ ಹೋಗೋದು ಕಾಣುತ್ತೆ. ಮಳೆಗಾಲದ ಜ್ವರಕ್ಕೆ 20 ಪರ್ಸೆಂಟ್ ರೋಗಿಗಳು ಜಾಸ್ತಿಯಾದರೆ ಸಾಕು, ಸಿಸ್ಟಮ್ ಕುಸಿಯುತ್ತೆ.

ಇನ್ನು ಆ ಡಾಕ್ಟರು ರಜೆ ಹಾಕಿದರೆ? ಪಕ್ಕದ ಕೇಂದ್ರದವರಿಗೆ ಪ್ರಭಾರ ಕೊಡ್ತಾರೆ. ಅರ್ಧ ದಿನ ಇಲ್ಲಿ, ಅರ್ಧ ದಿನ ಅಲ್ಲಿ. ಎರಡೂ ಕಡೆ ಭಾರ 1.67. ಒಂದು ಹುದ್ದೆ ಖಾಲಿಯಾದ್ರೆ ಎರಡು ಕೇಂದ್ರ ಕೆಡುತ್ತವೆ. ನಮ್ಮ ಭಾಷೆಯಲ್ಲಿ ಇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಬ್ಯಾಕಪ್ ಇಲ್ಲದ ಸರ್ವರನ್ನು ನಾವ್ಯಾರೂ ಡಿಸೈನ್ ಮಾಡಲ್ಲ, ಅಲ್ವಾ?

ಯಾಕೆ ಉಳಿಯಲ್ಲ?

ಡಾಕ್ಟರುಗಳನ್ನ ಬೈಯೋದು ಸುಲಭ. ಆದರೆ ಎಂಬಿಬಿಎಸ್ ಮುಗಿಸಿದವರ ಮುಂದೆ ಪಿಜಿ ಸೀಟಿನ ಪೈಪೋಟಿ ಇದೆ. ಕೇಂದ್ರದ ವಸತಿಗೃಹ ವಾಸಕ್ಕೆ ಲಾಯಕ್ಕಾಗಿರಬೇಕು, ಸಂಗಾತಿಗೆ ಕೆಲಸ ಸಿಗಬೇಕು, ಮಕ್ಕಳಿಗೆ ಶಾಲೆ ಬೇಕು. ಕೇಸು ಕಷ್ಟದ್ದಾದ್ರೆ ಕೇಳೋಕೆ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರಿಲ್ಲ. ಗಡಿಯಲ್ಲಿ ಕನ್ನಡದ ಜೊತೆ ಮರಾಠಿಯೂ ಬರಬೇಕು. "ಎದಿ ಹಿಡ್ಕೊಂಡದ ರೀ" ಅಂದಾಗ ಯಾವ ಥರದ ನೋವು ಅಂತ ಅರ್ಥ ಆಗಬೇಕು.

ಕಡ್ಡಾಯ ಸೇವೆಗೆ ನಮ್ಮ ರಾಜ್ಯದಲ್ಲಿ 2012ರ ಕಾಯ್ದೆ ಇದೆ. ಒಂದು ವರ್ಷದ ಸೇವೆ ಖಾಲಿ ಕುರ್ಚಿ ತುಂಬುತ್ತೆ ನಿಜ. ಆದರೆ ಬಿಪಿ, ಶುಗರ್ ರೋಗಿಗೆ ಬೇಕಾದದ್ದು ಹತ್ತು ವರ್ಷದ ಪರಿಚಯ. ಪ್ರತಿ ವರ್ಷ ಹೊಸ ಮುಖ ಬಂದರೆ ಪ್ರತಿ ವರ್ಷ ಕಥೆ ಮೊದಲಿಂದ ಹೇಳಬೇಕು.

ಏನು ಮಾಡಬಹುದು?

*ಒಂದು, ಭಾರ ಹಂಚಬೇಕು.* 100 ರೋಗಿಗಳಲ್ಲಿ 30 ಜನ ಬಿಪಿ ನೋಡಿಸಿ ಮಾತ್ರೆ ಒಯ್ಯೋರು, ಡ್ರೆಸ್ಸಿಂಗ್‌ಗೆ ಬಂದೋರು ಅಂತಿಟ್ಟುಕೊಳ್ಳಿ. ಅವರನ್ನು ತರಬೇತಾದ ನರ್ಸ್ ನೋಡಿದರೆ ಡಾಕ್ಟರಿಗೆ 70 ಜನ ಉಳಿದರು. ಪ್ರತಿಯೊಬ್ಬರಿಗೂ 3ರ ಬದಲು 4 ನಿಮಿಷ ಕೊಟ್ಟರೂ ಭಾರ 0.78, ಕಾಯೋದು 14 ನಿಮಿಷ. ರೋಗಿಗೆ ಒಂದು ನಿಮಿಷ ಜಾಸ್ತಿ ಸಿಕ್ಕಿತು, ಕ್ಯೂ ಮಾತ್ರ ಬೆಳೀಲಿಲ್ಲ. 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸುತ್ತಿರುವುದರ ಹಿಂದಿನ ತರ್ಕವೂ ಇದೇ. ಛತ್ತೀಸಗಢ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸ್ ಶುರು ಮಾಡಿತ್ತು. ವಿರೋಧ ಬಂದು ಕೋರ್ಸ್ ನಿಂತಿತು, ಆದರೆ ಓದಿದವರು ಗ್ರಾಮೀಣ ವೈದ್ಯಕೀಯ ಸಹಾಯಕರಾದರು. ಸಾಮಾನ್ಯ ಕಾಯಿಲೆಗಳ ಮಟ್ಟಿಗೆ ಅವರು ಎಂಬಿಬಿಎಸ್ ವೈದ್ಯರಿಗೆ ಸಮವಾಗಿದ್ದಾರೆ ಅಂತ 2010ರ ಅಧ್ಯಯನ ತೋರಿಸಿತು.

*ಎರಡು, ಆ ಕಡೆಯವರನ್ನೇ ಓದಿಸಬೇಕು.* ಹಳ್ಳಿಯಿಂದ ಬಂದ ವಿದ್ಯಾರ್ಥಿ ಹಳ್ಳಿಗೆ ಮರಳೋ ಸಾಧ್ಯತೆ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರ ಮಾರ್ಗಸೂಚಿಯಲ್ಲೇ ಹೇಳಿದೆ. ಥಾಯ್ಲೆಂಡ್ 1994ರಿಂದ ಹಳ್ಳಿ ಮಕ್ಕಳನ್ನು ಆರಿಸಿ ವೈದ್ಯರನ್ನಾಗಿ ಮಾಡ್ತಿದೆ. ಅಥಣಿಯ ಹುಡುಗಿಗೆ ಮರಾಠಿ, ಕನ್ನಡ ಎರಡನ್ನೂ ಹೊಸದಾಗಿ ಕಲಿಸಬೇಕಾಗಿಲ್ಲ.

*ಮೂರು, ನಡೆಸೋ ರೀತಿ.* ಚಾಮರಾಜನಗರ ಜಿಲ್ಲೆಯ ಗುಂಬಳ್ಳಿ ಪಿಎಚ್‌ಸಿಯನ್ನು 1996ರಲ್ಲಿ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟಿತು. ಸಿಬ್ಬಂದಿ ಅಲ್ಲೇ ಉಳಿದು ಕೆಲಸ ಮಾಡಬೇಕು ಅನ್ನೋದಕ್ಕೆ ಅಲ್ಲಿ ಒತ್ತು ಕೊಟ್ಟರು. ಎಲ್ಲ ಕಡೆಗೂ ಟ್ರಸ್ಟ್ ಸಿಗಲ್ಲ, ಹೊಣೆ ಸರ್ಕಾರದ್ದೇ. ಆದರೆ ಹಳ್ಳಿ ಕೇಂದ್ರವನ್ನು ಚೆನ್ನಾಗಿ ನಡೆಸಬಹುದು ಅನ್ನೋದಕ್ಕೆ ಇದು ನಮ್ಮ ರಾಜ್ಯದ್ದೇ ಸಾಕ್ಷಿ.

*ನಾಲ್ಕು, ಫೋನಿನಲ್ಲಿ ಡಾಕ್ಟರು.* 2019ರಿಂದ ಇ-ಸಂಜೀವಿನಿ ಇದೆ. ಒಂಟಿ ಡಾಕ್ಟರಿಗೆ ತಜ್ಞರ ಸಲಹೆ ಸಿಗೋದು ದೊಡ್ಡ ವಿಷಯ. ಆದರೆ ವಿಡಿಯೊದಲ್ಲಿ ಹೊಟ್ಟೆ ಒತ್ತಿ ನೋಡೋಕಾಗಲ್ಲ. ಈ ತುದಿಯಲ್ಲಿ ನುರಿತ ಕೈ ಒಂದು ಇರಲೇಬೇಕು.

ನಮ್ಮ ಪಾಲು

ಸಿವಿಲ್‌ನವರಿಗೆ ಮುಳುಗೋ ಸೇತುವೆ ಆರೋಗ್ಯದ ಪ್ರಶ್ನೆಯೂ ಹೌದು. ಎಲೆಕ್ಟ್ರಿಕಲ್‌ನವರಿಗೆ ಲಸಿಕೆ ಫ್ರಿಜ್ಜಿನ ಬ್ಯಾಕಪ್ ಇದೆ, ಕಂಪ್ಯೂಟರ್ ಸೈನ್ಸ್‌ನವರಿಗೆ ಮಾತ್ರೆ ಖಾಲಿಯಾಗೋ ಮುಂಚೆ ಎಚ್ಚರಿಸೋ ಸ್ಟಾಕ್ ಲೆಕ್ಕ ಇದೆ.

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಪಿಎಚ್‌ಸಿಯ ವೈದ್ಯಾಧಿಕಾರಿಗಳ ಅನುಮತಿ ಕೇಳಿ, ಯಾರ ಹೆಸರೂ ಬರೆದುಕೊಳ್ಳದೆ, ಎರಡು ದಿನ ಕೂತು ಎಣಿಸಿ: ಗಂಟೆಗೆ ಎಷ್ಟು ಜನ ಬಂದರು, ಒಬ್ಬರಿಗೆ ಎಷ್ಟು ನಿಮಿಷ ಸಿಕ್ಕಿತು, ಎಷ್ಟು ಜನ ನರ್ಸ್ ಹತ್ತಿರವೇ ಮುಗಿಸಿಕೊಂಡು ಹೋಗಬಹುದಿತ್ತು. ಮೇಲಿನ ಸೂತ್ರದಲ್ಲಿ ಹಾಕಿ, ಬಂದ ಉತ್ತರವನ್ನು ಆ ಡಾಕ್ಟರಿಗೂ ಗ್ರಾಮ ಪಂಚಾಯಿತಿಗೂ ಕೊಡಿ. "ಡಾಕ್ಟರ್ ಕಳಿಸಿ" ಅನ್ನೋ ಅರ್ಜಿಗಿಂತ "ನಮ್ಮೂರ ಭಾರ 0.95, ಒಬ್ಬ ನರ್ಸ್ ಬಂದರೆ 0.78 ಆಗುತ್ತೆ" ಅನ್ನೋ ಅರ್ಜಿಗೆ ಉತ್ತರ ಕೊಡದೆ ಇರೋದು ಕಷ್ಟ.