ಚಾರ್ಜಿಗೆ ಹಾಕುವ ಮುನ್ನ

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವಾಗ ರೇಂಜ್, ಬಣ್ಣ, ಸಬ್ಸಿಡಿ ಎಲ್ಲ ವಿಚಾರಿಸುತ್ತೀರಿ. ಮನೆಯ ಪ್ಲಗ್ ಪಾಯಿಂಟನ್ನೂ ಒಮ್ಮೆ ನೋಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಕಂಪನಿ ಹೇಳಿದಷ್ಟೇ ಆಂಪಿಯರ್‌ನ ಸಾಕೆಟ್ ಹಾಕಿಸಿ. ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದು ಬೇಡವೇ ಬೇಡ; ಗಂಟೆಗಟ್ಟಲೆ ಕರೆಂಟ್ ಹರಿದರೆ ತೆಳು ವೈರು, ಸಡಿಲ ಪಿನ್ನು ಕಾದು ಕರಗಬಹುದು. ಸಾಕೆಟ್‌ನಲ್ಲಿ ಕಂದು ಕಲೆ ಕಂಡರೆ ಅಂದೇ ಬದಲಿಸಿ.

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ಸ್ವಲ್ಪ ಹೊತ್ತು ಆರಲಿ. ಲಿಥಿಯಂ ಬ್ಯಾಟರಿಯ ಆಯಸ್ಸು ತಿನ್ನುವುದೇ ಬಿಸಿ. ವಾರಗಟ್ಟಲೆ ಊರಿಗೆ ಹೊರಟರೆ ಶೇ 100 ತುಂಬಿಸಿಡಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ, ಅರ್ಧದಷ್ಟಿದ್ದರೆ ಸಾಕು. ಮೆಟ್ಟಿಲ ಕೆಳಗೆ, ಬಾಗಿಲಿಗೆ ಅಡ್ಡವಾಗಿ ಮಾತ್ರ ಚಾರ್ಜ್ ಮಾಡಲೇಬೇಡಿ. ಬೆಂಕಿ ಹತ್ತಿದರೆ ಮನೆಮಂದಿಗೆ ಹೊರಬರಲು ದಾರಿ ಬೇಕು.