ಸಂಬಳ ಹೋಯಿತು, ಅದರ ಹಿಂದೆ ಖರ್ಚೂ ಹೋಯಿತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಎಸ್ಸೆಸ್ಸೆಲ್ಸಿಯೋ ಐಟಿಐಯೋ ಮುಗಿಸಿದ ಹುಡುಗರು ಮಳೆ ನಂಬಿಕೊಂಡು ಊರಲ್ಲಿ ಕೂರುವುದಿಲ್ಲ. ತುಮಕೂರಿಗೋ ಪೀಣ್ಯಕ್ಕೋ ಬಸ್ಸು ಹತ್ತುತ್ತಾರೆ. ನಾನೂ ಹಾಗೆ ಹೋದವನೇ. ಪೀಣ್ಯದ ಒಂದು ಕಾರ್ಖಾನೆಯ ಮೋಟಾರು ವಿಭಾಗದಲ್ಲಿ 22 ವರ್ಷ ದುಡಿದೆ. ಆರ್ಡರ್ ಇಲ್ಲವೆಂದು ಬಾಗಿಲು ಹಾಕಿದಾಗ ನನಗೆ 46. ಬೇರೆ ಕಂಪನಿ ಕರೆದು ಕೆಲಸ ಕೊಡುವ ವಯಸ್ಸಲ್ಲ, ಜಗಲಿ ಮೇಲೆ ಕೂರುವ ವಯಸ್ಸೂ ಅಲ್ಲ.

ನಮ್ಮ ಜಿಲ್ಲೆಗೆ ಇದು ಹೊಸ ಕಥೆಯೇನಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯೇ ಉಳಿಯಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಆ ಜಾಗ ಆಮೇಲೆ ಇಸ್ರೊಗೆ ಹೋಯಿತು.

ಕೆಲಸ ಹೋದಾಗ ಮೊದಲು ಕೇಳಬೇಕಾದ್ದು ನಮಗೆ ಬರಬೇಕಾದ ದುಡ್ಡು. ಕಾರ್ಮಿಕರನ್ನು ತೆಗೆದರೆ ಕೊಡುವ ಪರಿಹಾರಕ್ಕೆ ವರ್ಷಕ್ಕೆ 15 ದಿನದ ಸರಾಸರಿ ವೇತನದ ಲೆಕ್ಕವಿದೆ. 22 ವರ್ಷಕ್ಕೆ 330 ದಿನ, ಅಂದರೆ 11 ತಿಂಗಳ ಸಂಬಳ. ಗ್ರಾಚ್ಯುಟಿ ಬೇರೆ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 20,000 ರೂಪಾಯಿ ಮೇಲೆ ನನಗೆ ಬಂದದ್ದು 2.53 ಲಕ್ಷ. ಪರಿಹಾರವೂ ಸೇರಿ ಸುಮಾರು 5.80 ಲಕ್ಷ ಕೈಗೆ ಸಿಕ್ಕಿತು.

ದುಡ್ಡು ಬಂದ ಸುದ್ದಿ ಊರಿಗೆ ನನಗಿಂತ ಮೊದಲು ತಲುಪಿತ್ತು. ಸೈಟು ತಗೋ ಅಂದವರು ಕೆಲವರು, ಚೀಟಿ ಹಾಕು ಅಂದವರು ಕೆಲವರು. ಬೋರ್ ಕೊರೆಸು ಅಂದವರೇ ಜಾಸ್ತಿ. ಸಾವಿರ ಅಡಿ ಇಳಿದರೂ ಬರೀ ದೂಳು ಮೇಲೆ ಬರುವ ನಮ್ಮ ಸೀಮೆಯಲ್ಲಿ ಎಷ್ಟು ಜನರ ಇಡಿಗಂಟು ಆ ತೂತಿನೊಳಗೆ ಇಳಿದುಹೋಗಿಲ್ಲ! ನಾನು 5.40 ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ ಹಾಕಿದೆ. ಶೇ 7.4ರ ಬಡ್ಡಿಗೆ ತಿಂಗಳಿಗೆ 3,330 ರೂಪಾಯಿ. ಮಿಕ್ಕಿದ್ದರಲ್ಲಿ ವೈಂಡಿಂಗ್ ಮಿಷನ್ನು, ಸಾಮಾನು ತಂದೆ.

ಪಿಎಫ್ ಮುಟ್ಟಲಿಲ್ಲ. ಕೆಲಸ ಬಿಟ್ಟ ಮಾತ್ರಕ್ಕೆ ಅದರ ಬಡ್ಡಿ ನಿಲ್ಲುವುದಿಲ್ಲ. 2024-25ಕ್ಕೆ ಸಿಕ್ಕಿದ್ದು ಶೇ 8.25. ಹತ್ತು ವರ್ಷ ಸೇವೆ ತುಂಬಿದವರಿಗೆ 58ಕ್ಕೆ ಪಿಂಚಣಿಯೂ ಉಂಟು. 50ರ ನಂತರವೇ ಪಡೆಯಬಹುದು, ಆದರೆ ಮುಂಚಿತವಾಗಿ ಪಡೆದ ಪ್ರತಿ ವರ್ಷಕ್ಕೆ ಶೇ 4 ಕಡಿತ.

ಈಗ ನನ್ನ ಅಂಗಡಿ ಮಧುಗಿರಿ ತಾಲ್ಲೂಕಿನ ನಮ್ಮೂರಲ್ಲೇ, ಮನೆಯ ಮುಂದಿನ ಕೊಠಡಿಯಲ್ಲಿ. ಸುಟ್ಟ ಮೋಟಾರು ಬಿಚ್ಚಿದರೆ ವಾರ್ನಿಷಿನ ಘಾಟು ಮೂಗಿಗೆ ಹೊಡೆಯುತ್ತದೆ. ಕಪ್ಪಾದ ತಂತಿ ಕಿತ್ತು, ಸುತ್ತು ಎಣಿಸಿ, ಹೊಸ ತಾಮ್ರ ಸುತ್ತಬೇಕು. 'ಅಣ್ಣಾ, ಮೋಟ್ರು ಸುಟ್ಟೋಯ್ತು, ಟೊಮೇಟೊ ಒಣಗ್ತಾ ಐತೆ' ಎಂದು ಬಂದವನಿಗೆ ನಾಳೆ ಬಾ ಅನ್ನಲಾಗುವುದಿಲ್ಲ. 'ಕಡ್ಲೆಕಾಯಿ ಮಾರಿದ ಮೇಲೆ ಕೊಡ್ತೀನಿ' ಅಂದರೂ ಒಪ್ಪುತ್ತೇನೆ, ಆದರೆ ಕೂಲಿ ಮಾತ್ರ ಉದ್ರಿ, ತಾಮ್ರದ ದುಡ್ಡು ಮುಂಗಡ. ಈ ಒಂದು ಕಟ್ಟುಪಾಡಿನಿಂದಲೇ ಅಂಗಡಿ ನಡೆಯುತ್ತಿದೆ.

ಲೆಕ್ಕ ನೋಡಿ. ಪೀಣ್ಯದಲ್ಲಿ ಕೈಗೆ ಬರುತ್ತಿದ್ದುದು 27,000. ದಾಸರಹಳ್ಳಿಯ ಮನೆ ಬಾಡಿಗೆ 9,000, ದಿನಸಿ, ಹಾಲು, ಗ್ಯಾಸ್ 8,000, ಓಡಾಟ ಮತ್ತು ಊರಿಗೆ ಹೋಗಿಬರುವ ಖರ್ಚು 5,000. ಉಳಿತಾಯ 5,000. ಈಗ ಅಂಗಡಿಯಿಂದ ಸರಾಸರಿ 14,000, ಅಂಚೆ ಬಡ್ಡಿ ಸೇರಿ 17,330. ಮನೆ ಸ್ವಂತದ್ದು, ಖರ್ಚು 11,000 ದಾಟುವುದಿಲ್ಲ. ಸಂಬಳಕ್ಕಿಂತ ಸುಮಾರು ಹತ್ತು ಸಾವಿರ ಕಡಿಮೆ ದುಡಿದು, ಒಂದು ಸಾವಿರ ಹೆಚ್ಚು ಉಳಿಸುತ್ತಿದ್ದೇನೆ. ಮಧ್ಯಾಹ್ನ ಅವ್ವನ ಜೊತೆ ಕೂತು ಬಿಸಿ ಮುದ್ದೆ ಉಣ್ಣುತ್ತೇನೆ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಾಯಂ ಆದಾಯವೊಂದೇ ಸಾಕೆಂದೂ ಹೇಳಲಾರೆ. ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ನಿಗದಿಯಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ತಿಂಗಳ ಲೆಕ್ಕಕ್ಕೆ ಎಕರೆಗೆ 1,750. ಹತ್ತಾರು ಎಕರೆಯವರಿಗೆ ಅದೇ ಜೀವನ. ಎರಡೆಕರೆಯವರು ಬೇರೆ ದುಡಿಮೆ ಹುಡುಕಲೇಬೇಕು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗಂತೂ ಗುತ್ತಿಗೆ ಹಣವೂ ಇಲ್ಲ.

ಇನ್ನೊಂದು ಮಾತು. ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಇಲ್ಲದವರು ಬೇರೇನು ಕೊಳ್ಳುವ ಮೊದಲು ಒಂದು ಪಾಲಿಸಿ ಮಾಡಿಸಬೇಕು.

ಕೆಲಸ ಕಳೆದುಕೊಂಡವರು ಹಳೆಯ ಸಂಬಳದಷ್ಟೇ ಗಳಿಸಬೇಕೆಂಬ ಹಠ ಬಿಡಿ. ಆ ಸಂಬಳ ಪಡೆಯಲು ಎಷ್ಟು ಖರ್ಚು ಮಾಡುತ್ತಿದ್ದಿರಿ ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಇಡಿಗಂಟಿನ ಬಗ್ಗೆ ನಿರ್ಧಾರ ಅದಾದ ಮೇಲಿರಲಿ.