ಕಣ್ಣು ಕಳೆದುಕೊಂಡ ಗಿನಿಹಂದಿಯ ಆರೈಕೆ

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಅಕ್ಕನ ಮಗಳು ಸಾಕಿರುವ ಗಿನಿಹಂದಿಯೊಂದುಂಟು. ಅದರ ಹೆಸರು ಗುಂಡ. ಅದಕ್ಕೆ ಐದನೆಯ ವರ್ಷ ನಡೆಯುತ್ತಿದ್ದಾಗ ಒಂದು ಭಾನುವಾರ ಹುಡುಗಿಯು ಗೂಡನ್ನು ತೊಳೆದೊರಸಿ, ಮೇವಿನ ತಟ್ಟೆಯನ್ನು ಎಂದಿನ ಎಡಮೂಲೆಯ ಬದಲು ಬಲಮೂಲೆಯಲ್ಲಿಟ್ಟಳು. ಗುಂಡ ಗೋಡೆಯ ಮಗ್ಗುಲಲ್ಲೇ ಓಡಿ ಎಡಮೂಲೆಗೆ ಹೋಯಿತು. ಬರಿದಾದ ಜಾಗವನ್ನು ಮೂಸಿ ಮೂಸಿ ನೋಡಿತು. ಒಂದೆರಡು ಮೊಳ ದೂರದಲ್ಲಿ ಹಸಿರು ಸೊಪ್ಪು ತುಂಬಿದ ತಟ್ಟೆ ಎದುರಿಗೇ ಇದ್ದರೂ ಅತ್ತ ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಮೂಗನ್ನೆತ್ತಿ, ವಾಸನೆಯ ಜಾಡು ಹಿಡಿದು, ತಡವರಿಸುತ್ತ ತಟ್ಟೆಯನ್ನು ಮುಟ್ಟಿತು.

"ಮಾಮಾ, ಇದಕ್ಕೆ ಕಣ್ಣೇ ಕಾಣಿಸ್ತಿಲ್ಲ!" ಎಂದಳು ಹುಡುಗಿ.

ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದೆವು. ಕಪ್ಪಾಗಿರಬೇಕಾದ ಎರಡು ಪಾಪೆಗಳೂ ಮಜ್ಜಿಗೆಯಂತೆ ಬೆಳ್ಳಗಾಗಿದ್ದವು. ಇಷ್ಟು ದಟ್ಟವಾದ ಪೊರೆ ಒಂದೆರಡು ದಿನಗಳಲ್ಲಿ ಬೆಳೆದುದಾಗಿರಲಾರದು. ಆದರೂ ಅದುವರೆಗೆ ಮನೆಯವರಾರಿಗೂ ಅದು ತಿಳಿದಿರಲಿಲ್ಲ. ವಿಷಯವನ್ನು ಕೇಳಿದ ನೆರೆಯ ಹಿರಿಯರೊಬ್ಬರು, ಕಣ್ಣಿಲ್ಲದ ಜೀವವನ್ನು ಇಟ್ಟುಕೊಂಡು ಏಕೆ ನರಳಿಸುವುದು, ಅದಕ್ಕೆ ಮುಕ್ತಿ ಕೊಡಿಸುವುದೇ ಮೇಲು ಎಂದರು.

ಹೀಗೆ ಎರಡು ಪ್ರಶ್ನೆಗಳು ನಮ್ಮ ಮುಂದೆ ನಿಂತವು. ದೃಷ್ಟಿಯಿಲ್ಲದ ಪ್ರಾಣಿ ಯಾರಿಗೂ ತಿಳಿಯದಂತೆ ಇಷ್ಟು ದಿನ ಬಾಳಿದುದು ಹೇಗೆ? ಅದನ್ನು ಇನ್ನು ಮುಂದೆ ಉಳಿಸಿಕೊಳ್ಳುವುದು ದಯೆಯೋ, ಹಿಂಸೆಯೋ? ಮೊದಲನೆಯದಕ್ಕೆ ಉತ್ತರ ದೊರೆತ ಹೊರತು ಎರಡನೆಯದಕ್ಕೆ ಉತ್ತರ ಹೇಳುವಂತಿಲ್ಲ.

ಮೂಗು, ಮೀಸೆ, ಕಿವಿ

ಗಿನಿಹಂದಿ ಹೆಸರಿನಲ್ಲಿ ಮಾತ್ರ ಹಂದಿ. ಅದು ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ ಪ್ರಾಣಿ. ಆಫ್ರಿಕದ ಗಿನಿ ದೇಶವೂ ಅದರ ತವರಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದ ಜನರು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಮಾಂಸಕ್ಕಾಗಿ ಸಾಕತೊಡಗಿದರು. 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರ ಮೂಲಕ ಅದು ಯೂರೋಪನ್ನು ಸೇರಿತು.

ಹುಲ್ಲು ತಿಂದು ಬಾಳುವ, ಅನೇಕ ಶತ್ರುಗಳುಳ್ಳ ಪ್ರಾಣಿ ಇದು. ಆದುದರಿಂದ ಇದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನ ಬಹುಭಾಗವನ್ನು ತಲೆ ತಿರುಗಿಸದೆಯೇ ಕಂಡು, ಹದ್ದಿನ ನೆರಳು ಸುಳಿದೊಡನೆ ಓಡಿ ಅಡಗಲು ಈ ಏರ್ಪಾಡು ಅನುಕೂಲವಾದುದು. ಆದರೆ ಬಾಯಿಯ ಮುಂದಿರುವ ತುತ್ತನ್ನು ಆರಿಸಿಕೊಳ್ಳಲು ಅದು ಕಣ್ಣನ್ನು ಅಷ್ಟಾಗಿ ನೆಚ್ಚುವುದಿಲ್ಲ. ಆ ಕೆಲಸ ಮೂಗಿನದು ಮತ್ತು ಮೀಸೆಯದು. ಮೀಸೆಯ ಒಂದೊಂದು ಕೂದಲಿನ ಬುಡದಲ್ಲಿಯೂ ನರತಂತುಗಳ ದಟ್ಟವಾದ ಜಾಲವಿದೆ. ಕೂದಲಿನ ತುದಿ ಗೋಡೆಗೆ ಸೋಕಿದರೆ ಸಾಕು, ಗೋಡೆ ಎಷ್ಟು ಹತ್ತಿರದಲ್ಲಿದೆ ಎಂಬುದು ಪ್ರಾಣಿಗೆ ತಿಳಿಯುತ್ತದೆ.

ಕಿವಿಯೂ ಸಾಮಾನ್ಯವಾದುದಲ್ಲ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನಿಗೆ ಕೇಳಿಸದು. ಗಿನಿಹಂದಿಗೆ ಸುಮಾರು 50,000 ಕಂಪನಗಳ ಧ್ವನಿಯೂ ಕೇಳಿಸುತ್ತದೆ. ಒಳಗಿವಿಯು ಕೆಲಸ ಮಾಡುವ ಬಗೆಯನ್ನು ಶೋಧಿಸಿ 1961ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಗೇಯಾರ್ಗ್ ಫಾನ್ ಬೇಕೇಶಿಯವರ ಪ್ರಯೋಗಗಳಲ್ಲಿ ಗಿನಿಹಂದಿಯ ಕಿವಿಗೂ ಪಾತ್ರವಿತ್ತು. ಸೊಪ್ಪಿನ ಚೀಲ ಸರಸರ ಎಂದೊಡನೆ ಗುಂಡ ಸಿಳ್ಳೆ ಹಾಕುವುದು ಈ ಕಿವಿಯ ಬಲದಿಂದಲೇ.

ಇವೆಲ್ಲಕ್ಕೂ ಮಿಗಿಲಾದ ಸಹಾಯ ನೆನಪಿನದು. ಬಯಲಿನ ನಡುವೆ ನಡೆಯದೆ ಗೋಡೆಯನ್ನು ಒತ್ತಿಕೊಂಡು ಓಡುವುದು ಗಿನಿಹಂದಿಯ ಹುಟ್ಟುಗುಣ. ಒಂದೇ ದಾರಿಯಲ್ಲಿ ದಿನವೂ ಓಡಿ ಓಡಿ ಗೂಡಿನ ನಕ್ಷೆ ಅದರ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಪೊರೆಯು ಮೆಲ್ಲಮೆಲ್ಲನೆ ಬೆಳೆದುದರಿಂದ ಗುಂಡನಿಗೆ ಈ ನಕ್ಷೆಯನ್ನು ಬಲಪಡಿಸಿಕೊಳ್ಳಲು ಬೇಕಾದಷ್ಟು ಕಾಲಾವಕಾಶ ದೊರೆಯಿತು. ತಟ್ಟೆಯನ್ನು ಬೇರೆಡೆಗೆ ಸರಿಸಿದಾಗ ಕೆಟ್ಟುದು ಆ ನಕ್ಷೆ. ಕುರುಡಾದ ಗಿನಿಹಂದಿಯ ಆರೈಕೆಯ ಸೂತ್ರವೆಲ್ಲ ಇದರಲ್ಲೇ ಅಡಗಿದೆ: ಅದು ಬಲ್ಲ ಲೋಕವನ್ನು ಬದಲಿಸಬಾರದು.

ಕುರುಡೆಂದು ತಿಳಿಯುವ ಪರೀಕ್ಷೆ

ಕಣ್ಣಿನ ಮುಂದೆ ಕೈಯಾಡಿಸಿ ನೋಡುವುದು ಎಲ್ಲರಿಗೂ ತೋಚುವ ಪರೀಕ್ಷೆ. ಆದರೆ ಅದರಲ್ಲೊಂದು ದೋಷವುಂಟು. ಕೈಯಾಡಿದಾಗ ಗಾಳಿಯೂ ಅಲುಗಿ ಮೀಸೆಗೆ ಸೋಕುತ್ತದೆ. ಕೈಯ ವಾಸನೆ ಮೂಗನ್ನು ಮುಟ್ಟುತ್ತದೆ. ಕುರುಡು ಪ್ರಾಣಿಯೂ ಬೆಚ್ಚಬಹುದು. ಆದಕಾರಣ ವೈದ್ಯರು ಹತ್ತಿಯ ಸಣ್ಣ ಉಂಡೆಯೊಂದನ್ನು ಪ್ರಾಣಿಯ ಒಂದು ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ, ಮೇಲಿನಿಂದ ಬೀಳಬಿಡುತ್ತಾರೆ. ಹತ್ತಿ ಸದ್ದಿಲ್ಲದೆ ಬೀಳುತ್ತದೆ. ಗಾಳಿಯನ್ನೂ ಹೆಚ್ಚಾಗಿ ಅಲುಗಿಸುವುದಿಲ್ಲ. ದೃಷ್ಟಿಯುಳ್ಳ ಪ್ರಾಣಿಯಾದರೆ ತಲೆಯನ್ನೋ ಕಣ್ಣನ್ನೋ ಅತ್ತ ತಿರುಗಿಸುತ್ತದೆ.

ಒಂದು ಸಲ ಮಾಡಿ ತೀರ್ಮಾನಕ್ಕೆ ಬರಬಾರದು. ಹೆದರಿದ ಗಿನಿಹಂದಿ ಕಣ್ಣು ಕಂಡರೂ ಕಲ್ಲಿನಂತೆ ನಿಶ್ಚಲವಾಗಿ ಕುಳಿತುಬಿಡುವುದುಂಟು. ಎರಡು ಪಕ್ಕಗಳಲ್ಲಿಯೂ ಐದಾರು ಸಲ ಪರೀಕ್ಷಿಸಬೇಕು. ದೃಷ್ಟಿ ಚೆನ್ನಾಗಿರುವ ಮತ್ತೊಂದು ಗಿನಿಹಂದಿ ಇದ್ದರೆ ಅದನ್ನೂ ಹಾಗೆಯೇ ಪರೀಕ್ಷಿಸಿ ಎರಡನ್ನೂ ಹೋಲಿಸಬೇಕು. ಪ್ರಯೋಗಶಾಲೆಯಲ್ಲಿ ಅನುಸರಿಸುವ ಹೋಲಿಕೆಯ ನಿಯಮ ಮನೆಯಲ್ಲಿಯೂ ಸಲ್ಲುತ್ತದೆ.

ಕಾರಣವನ್ನು ಹುಡುಕುವುದು

ಕುರುಡುತನ ತಾನೇ ಒಂದು ರೋಗವಲ್ಲ. ಯಾವುದೋ ಒಂದರ ಫಲ. ಅದರ ಕಾರಣವನ್ನು ತಿಳಿಯುವುದು ಮೊದಲ ಕರ್ತವ್ಯ. ಏಕೆಂದರೆ ಕೆಲವು ಕಾರಣಗಳು ನೋವಿಲ್ಲದವು. ಕೆಲವು ಪ್ರಾಣಾಪಾಯವನ್ನು ತರುವಂಥವು.

ಮುಪ್ಪಿನಲ್ಲಿ ಬರುವ ಪೊರೆ ಸಾಮಾನ್ಯವಾಗಿ ನೋವಿಲ್ಲದ್ದು. ಕಣ್ಣಿನೊಳಗಿನ ಮಸೂರವು ಪ್ರೋಟೀನುಗಳಿಂದಾದುದು. ಕೋಳಿಮೊಟ್ಟೆಯ ಲೋಳೆ ಬೆಂದಾಗ ಬೆಳ್ಳಗಾಗುವಂತೆ ಈ ಪ್ರೋಟೀನುಗಳ ಸ್ವರೂಪ ಕೆಟ್ಟರೆ ಮಸೂರವು ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ. ಸಿಹಿಮೂತ್ರ ರೋಗದಿಂದಲೂ ಪೊರೆ ಬರುವುದುಂಟು. ಪ್ರಾಣಿ ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ಈ ಶಂಕೆಗೆ ಎಡೆಯಿದೆ. ಒಣಹುಲ್ಲಿನ ಮೊನೆ ಚುಚ್ಚಿ ಕಣ್ಣಿನ ಮೇಲ್ಪದರದಲ್ಲಿ ಹುಣ್ಣಾಗುವುದು ಮತ್ತೊಂದು ಕಾರಣ. ಇದು ಬಹಳ ನೋಯುತ್ತದೆ. ಕಣ್ಣಿನೊಳಗಿನ ಒತ್ತಡ ಏರಿ ಗುಡ್ಡೆ ಊದಿಕೊಂಡರೂ ನೋವುಂಟು. ಗಿನಿಹಂದಿಯ 20 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ದವಡೆಹಲ್ಲಿನ ಬೇರಿನಲ್ಲಿ ಕೀವುಗಟ್ಟಿದರೆ ಕಣ್ಣುಗುಡ್ಡೆ ಮುಂದಕ್ಕೆ ತಳ್ಳಲ್ಪಡುತ್ತದೆ.

ಕಣ್ಣಿನಿಂದ ಆಗಾಗ ಹಾಲಿನಂಥ ದ್ರವ ಒಸರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಗಿನಿಹಂದಿ ಮುಂಗಾಲುಗಳಿಂದ ಈ ದ್ರವವನ್ನು ಬಳಿದುಕೊಂಡು ಮುಖವನ್ನು ತೊಳೆದುಕೊಳ್ಳುತ್ತದೆ. ಇದು ಆರೋಗ್ಯದ ಲಕ್ಷಣವೇ. ಒಂದೇ ಕಣ್ಣಿನಲ್ಲಿ ಎಡೆಬಿಡದೆ ನೀರು ಸುರಿದರೆ, ರೆಪ್ಪೆ ಅಂಟಿಕೊಂಡರೆ, ಕಣ್ಣು ಕೆಂಪಾದರೆ ಅದು ರೋಗ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ನಂದಿಬಟ್ಟಲು ಹೂವಿನ ರಸವನ್ನಾಗಲಿ, ಮನೆಯಲ್ಲಿ ಉಳಿದಿರುವ ಕಣ್ಣಿನ ಔಷಧವನ್ನಾಗಲಿ ಹಾಕಬಾರದು. ಕೆಲವು ಔಷಧಗಳಲ್ಲಿರುವ ಸ್ಟೆರಾಯ್ಡ್ ಕಣ್ಣಿನ ಹುಣ್ಣನ್ನು ಉಲ್ಬಣಗೊಳಿಸುತ್ತದೆ. ಎರಡನೆಯದಾಗಿ, ಮನುಷ್ಯರಿಗೋ ದನಗಳಿಗೋ ತಂದ ಪೆನಿಸಿಲಿನ್, ಆಂಪಿಸಿಲಿನ್ ಮುಂತಾದುವನ್ನು ಗಿನಿಹಂದಿಗೆ ಕುಡಿಸಬಾರದು. ಹುಲ್ಲನ್ನು ಜೀರ್ಣಿಸಲು ನೆರವಾಗುವ ಕರುಳಿನ ಸೂಕ್ಷ್ಮಜೀವಿಗಳು ಅವುಗಳಿಂದ ನಾಶವಾಗಿ, ಹಾನಿಕರವಾದುವು ಹೆಚ್ಚಿ, ಪ್ರಾಣಿ ಕೆಲವೇ ದಿನಗಳಲ್ಲಿ ಸಾಯಬಹುದು.

ನಮ್ಮ ಸೀಮೆಯ ಪಶುವೈದ್ಯರಲ್ಲಿಗೆ ಬರುವ ರೋಗಿಗಳಲ್ಲಿ ಹಸು, ಕುರಿ, ಮೇಕೆಗಳೇ ಹೆಚ್ಚು. ಆದರೂ ಮೊದಲು ಅವರಿಗೇ ತೋರಿಸಬೇಕು. ಹೆಚ್ಚಿನ ಪರೀಕ್ಷೆ ಅಗತ್ಯವೆನಿಸಿದರೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು. ಪೊರೆಯ ಶಸ್ತ್ರಚಿಕಿತ್ಸೆ ಸಾಧ್ಯವಾದರೂ, ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಡುವುದು ಅಪಾಯಕರವಾದುದರಿಂದ, ಅದನ್ನು ವಿರಳವಾಗಿ ಮಾಡುತ್ತಾರೆ.

ಗೂಡಿನ ಏರ್ಪಾಡು

ಗೂಡು ಒಂದೇ ಅಂತಸ್ತಿನದಾಗಿರಬೇಕು; ಏಣಿ, ಜಗಲಿಗಳು ಕೂಡದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲವಿದ್ದರೆ ಒಳ್ಳೆಯದು. ಮೇವು, ನೀರು, ಅಡಗುವ ಪೆಟ್ಟಿಗೆ—ಈ ಮೂರನ್ನೂ ಗೋಡೆಗೆ ಒತ್ತಿದಂತೆ ಇಟ್ಟು, ಗೂಡನ್ನು ತೊಳೆದ ಬಳಿಕ ಅದೇ ಜಾಗದಲ್ಲೇ ಮತ್ತೆ ಇಡಬೇಕು. ತಟ್ಟೆಯ ಕೆಳಗೆ ಒರಟಾದ ಗೋಣಿಬಟ್ಟೆಯ ತುಂಡನ್ನು ಹಾಸಿದರೆ ಕಾಲಿಗೆ ಗುರುತು ಸಿಗುತ್ತದೆ. ಚೂಪಾದ ಅಂಚುಗಳಾಗಲಿ, ಕಣ್ಣಿನ ಎತ್ತರಕ್ಕೆ ಚಾಚಿದ ಒರಟು ಕಡ್ಡಿಗಳಾಗಲಿ ಇರಬಾರದು. ನೆಲಕ್ಕೆ ಹಳೆಯ ಹತ್ತಿಬಟ್ಟೆ ಉತ್ತಮ. ಧೂಳೇಳುವ ಮರದ ಹೊಟ್ಟು ಬೇಡ.

ಎತ್ತಿಕೊಳ್ಳುವ ಮುನ್ನ ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯಬೇಕು. ಬಳಿಕ ಕೈಯನ್ನು ಮೂಸಲು ಬಿಟ್ಟು, ಒಂದು ಕೈಯನ್ನು ಎದೆಯ ಕೆಳಗೂ ಮತ್ತೊಂದನ್ನು ಹಿಂಭಾಗದ ಕೆಳಗೂ ಕೊಟ್ಟು ಎತ್ತಬೇಕು. ಸದ್ದಿಲ್ಲದೆ ಮೇಲಿನಿಂದ ಬರುವ ಕೈ ಕುರುಡು ಪ್ರಾಣಿಯ ಪಾಲಿಗೆ ಹದ್ದೇ ಸರಿ.

ಗಿನಿಹಂದಿ ಗುಂಪಿನಲ್ಲಿ ಬಾಳುವ ಪ್ರಾಣಿ. ಹೊಂದಿಕೊಂಡಿರುವ ಜೊತೆಗಾರನಿದ್ದರೆ ಕುರುಡಾದುದು ಅದರ ಸದ್ದನ್ನೇ ಹಿಂಬಾಲಿಸುತ್ತದೆ. ಕುರುಡೆಂಬ ಕಾರಣದಿಂದ ಇವೆರಡನ್ನೂ ಬೇರ್ಪಡಿಸಬಾರದು.

ನಮ್ಮ ಪ್ರಾಂತಕ್ಕೆ ವಿಶೇಷವಾದ ಒಂದು ಮಾತು. ಶಿಡ್ಲಘಟ್ಟದ ಸುತ್ತ ರೇಷ್ಮೆಹುಳು ಸಾಕುವ ಮನೆಗಳು ಬಹಳ. ಹುಳುಮನೆಯನ್ನು ಶುದ್ಧಿಮಾಡಲು ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಮೊದಲಾದುವನ್ನು ಬಳಸುತ್ತಾರೆ. ಇವುಗಳ ಹಬೆ ಕಣ್ಣನ್ನೂ ಶ್ವಾಸಕೋಶವನ್ನೂ ಉರಿಸುತ್ತದೆ. ಆ ದಿನಗಳಲ್ಲಿ ಗೂಡನ್ನು ದೂರವಿಡಬೇಕು. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೂ ಇಡಬಾರದು. ಮಲೆಯ ತಂಪಿನಿಂದ ಬಂದ ಈ ಪ್ರಾಣಿ ಬಿಸಿಲಿನ ಧಗೆಯನ್ನು ಸಹಿಸದು.

ಆಹಾರ

ಮೇವಿನಲ್ಲಿ ಬಹುಪಾಲು ಹುಲ್ಲೇ ಆಗಿರಬೇಕು. ಗರಿಕೆ ಶ್ರೇಷ್ಠವಾದುದು. ಔಷಧ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪನ್ನೂ ಸ್ವಲ್ಪ ಕೊಡಬಹುದು. ಟೊಮೆಟೊ ಗಿಡದ ಎಲೆ, ಆಲೂಗಡ್ಡೆಯ ಮೊಳಕೆ, ಈರುಳ್ಳಿ, ಬೆಳ್ಳುಳ್ಳಿಗಳು ವರ್ಜ್ಯ.

ಮನುಷ್ಯನಂತೆಯೇ ಗಿನಿಹಂದಿಯೂ 'ಸಿ' ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಅದಕ್ಕೆ ಬೇಕಾದ ಕಿಣ್ವವೊಂದು ಎರಡಕ್ಕೂ ಇಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಧಾನ್ಯವನ್ನಷ್ಟೇ ತಿಂದ ಗಿನಿಹಂದಿಗಳಿಗೆ ಸ್ಕರ್ವಿ ರೋಗ ಬರುವುದನ್ನು ತೋರಿಸಿಕೊಟ್ಟರು. ಮನುಷ್ಯರ ಸ್ಕರ್ವಿಯನ್ನು ಅರಿಯಲು ಆ ಪ್ರಯೋಗ ದಾರಿ ಮಾಡಿತು. ಆರೋಗ್ಯವಂತ ಗಿನಿಹಂದಿಗೆ ಒಂದು ಕಿಲೋಗ್ರಾಂ ತೂಕಕ್ಕೆ ದಿನವೊಂದಕ್ಕೆ 10ರಿಂದ 30 ಮಿಲಿಗ್ರಾಂ ಈ ಜೀವಸತ್ವ ಬೇಕು. 100 ಗ್ರಾಂ ಸೀಬೆಹಣ್ಣಿನಲ್ಲಿ ಅದು ಸುಮಾರು 200 ಮಿಲಿಗ್ರಾಂ ಇರುತ್ತದೆ. ಎಂದರೆ 10 ಗ್ರಾಮಿನ ಒಂದು ಚೂರಿನಿಂದ ಸುಮಾರು 20 ಮಿಲಿಗ್ರಾಂ ದೊರೆಯುತ್ತದೆ, ಅಷ್ಟೇ ಸಾಕು. ದೊಣ್ಣೆಮೆಣಸಿನಕಾಯಿಯಲ್ಲಿಯೂ ಇದು ಹೇರಳವಾಗಿದೆ. ಮಾತ್ರೆಯನ್ನು ಕುಡಿಯುವ ನೀರಿನಲ್ಲಿ ಕರಗಿಸುವುದು ತರವಲ್ಲ. ನೀರಿನಲ್ಲಿ ಜೀವಸತ್ವ ಬೇಗ ಕೆಡುತ್ತದೆ, ರುಚಿ ಬದಲಾದ ನೀರನ್ನು ಪ್ರಾಣಿ ಕುಡಿಯದೆಯೂ ಇರಬಹುದು.

ತಕ್ಕಡಿಯ ಸಾಕ್ಷ್ಯ

ಬೇಟೆಗೆ ಗುರಿಯಾಗುವ ಪ್ರಾಣಿಗಳು ತಮ್ಮ ರೋಗವನ್ನು ತೋರ್ಪಡಿಸುವುದಿಲ್ಲ; ದುರ್ಬಲವೆಂದು ಕಂಡುದನ್ನೇ ಶತ್ರು ಮೊದಲು ಹಿಡಿಯುತ್ತದೆ. ಹೀಗಾಗಿ ನಮ್ಮ ಕಣ್ಣಿಗಿಂತ ತಕ್ಕಡಿಯನ್ನು ನಂಬುವುದು ಮೇಲು. ಪ್ರಾಣಿಯನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕವನ್ನು ಕಳೆದು, ಪುಸ್ತಕವೊಂದರಲ್ಲಿ ವಾರಕ್ಕೊಮ್ಮೆ ಬರೆದಿಡಬೇಕು. ಹೊಸದಾಗಿ ಕುರುಡಾಗಿದ್ದರೆ ದಿನವೂ ತೂಗಬೇಕು. ತೂಕ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಬೇಕು. ಹತ್ತರಲ್ಲೊಂದು ಪಾಲು ಇಳಿದಿದ್ದರೆ ತಡಮಾಡಲೇಬಾರದು. ಒಂದು ದಿನ ಪೂರ್ತಿ ಮೇವು ಮುಟ್ಟದಿದ್ದರೆ ಕರುಳಿನ ಚಲನೆ ನಿಂತು ಪ್ರಾಣಕ್ಕೆ ಸಂಚಕಾರ ಬರುತ್ತದೆ. ಕುರುಡುತನವಲ್ಲ, ಉಪವಾಸವೇ ಅದನ್ನು ಕೊಲ್ಲುವುದು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅವರ ಮಾತಿನಲ್ಲಿ ದಯೆಯಿತ್ತು. ಆದರೆ ಆ ದಯೆ ಕಣ್ಣಿಲ್ಲದ ಮನುಷ್ಯನ ಕಷ್ಟವನ್ನು ಊಹಿಸಿಕೊಂಡು ಹುಟ್ಟಿದುದು, ಗುಂಡನನ್ನು ನೋಡಿ ಹುಟ್ಟಿದುದಲ್ಲ. ನೋವು ಶಮನವಾಗದಂಥ ರೋಗವಿದ್ದಲ್ಲಿ ಸುಖಮರಣವನ್ನು ಕುರಿತು ವೈದ್ಯರೊಡನೆ ಯೋಚಿಸಬೇಕಾದೀತು. ಆದರೆ ನೋವಿಲ್ಲದೆ ಮೇಯುವ, ತೂಕ ಉಳಿಸಿಕೊಂಡಿರುವ, ಹೆಜ್ಜೆಯ ಸಪ್ಪಳಕ್ಕೆ ಸಿಳ್ಳೆ ಹಾಕುವ ಪ್ರಾಣಿ ನರಳುತ್ತಿದೆ ಎನ್ನಲು ಆಧಾರವೇನು? ಸಾಕಿದವನು ಪ್ರಾಣಿಯ ಯೋಗಕ್ಷೇಮವನ್ನು ನೋಡಿಕೊಳ್ಳಬೇಕೆಂದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯೂ ವಿಧಿಸುತ್ತದೆ.

ಹುಡುಗಿಯು ತಟ್ಟೆಯನ್ನು ಮತ್ತೆ ಎಡಮೂಲೆಗೆ ತಂದಿಟ್ಟಳು. ಗೂಡಿನ ಪಕ್ಕದ ಗೋಡೆಗೆ ತೂಕದ ಪಟ್ಟಿಯೊಂದನ್ನು ಅಂಟಿಸಿದಳು. ಮರುದಿನ ಬೆಳಗ್ಗೆ ಗುಂಡ ಗೋಡೆಯ ಮಗ್ಗುಲಲ್ಲೇ ಓಡಿ, ತಡವರಿಸದೆ, ನೇರವಾಗಿ ತಟ್ಟೆಯ ಬಳಿ ಹೋಗಿ ನಿಂತಿತು.